ಹೊಸ್ತಿಲೊಳಗಿನ ಹೆಜ್ಜೆ

ಅಕ್ಟೋಬರ್ ತಿಂಗಳಲ್ಲಿ, ಹಿಮ ಬೀಳುವ ಮುಂಚೆ, ರಸ್ತೆಯೆಲ್ಲ ಕೆಸರಾಗಿ, ನಮ್ಮೂರ ಬಸ್ಸೇ ಬರಲು ಹಿಂದೆಮುಂದೆ ನೋಡುವ ಹೊತ್ತಿಗೆ ಸರಿಯಾಗಿ, ಅಮೆರಿಕದ ಚರ್ಚಿನವರು ನಮ್ಮ ಅನಾಥಾಲಯಕ್ಕೆ ಬರುತ್ತಿದ್ದರು. ಬರುವಾಗ ಬಲೂನು, ಸೋಪಿನ ಗುಳ್ಳೆ ಬಿಡುವ ಶೀಶೆ, ಕೈಗೆ ತೊಟ್ಟು ಆಡಿಸುವ ಬೊಂಬೆ. ಒಂದು ವಾರ ಇದ್ದು, ಮಕ್ಕಳನ್ನು ಎತ್ತಿ ಮುದ್ದಾಡಿ, ಕೈ ಬಾಯಿ ತಿರುಗಿಸುತ್ತ ಹಾಡು ಹೇಳಿಕೊಟ್ಟು, ಹೊರಡುವ ದಿನ ಗೊಳೋ ಎಂದು ಅತ್ತು ಬಸ್ಸು ಹತ್ತುತ್ತಿದ್ದರು. ಬಂದ ಪುಟ್ಟ, ಹೋದ ಪುಟ್ಟ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಕ್ಕಳು ಅವರು ಹೋದ ಮಾರನೆಯ ದಿನದಿಂದ ಮತ್ತೆ ಶುರು ಮಾಡುತ್ತಿದ್ದವು. ಆ ಚಾದರಗಳನ್ನು ಒಗೆಯುವುದಕ್ಕೆ ಯಾವ ಚರ್ಚಿನವರೂ ಇರುತ್ತಿರಲಿಲ್ಲ, ನಾನಿರುತ್ತಿದ್ದೆ.

ನಾನು ರಿಮ್ಮಾ. ಚಿಕ್ಕ ಮಕ್ಕಳ ಗುಂಪು ನನ್ನದು. ನನ್ನ ಬಾಯಿ ಸ್ವಲ್ಪ ಜೋರು ಎಂದು ಎಲ್ಲರೂ ಹೇಳುತ್ತಾರೆ, ಇರಬಹುದು. ಮಕ್ಕಳು ನನ್ನನ್ನು ಅಮ್ಮ ಎಂದು ಕರೆಯುತ್ತವೆ. ಅದರಲ್ಲಿ ಬೀಗುವಂಥದ್ದೇನಿಲ್ಲ, ಇಲ್ಲಿನ ಮಕ್ಕಳಿಗೆ ಅಡುಗೆಯವಳೂ ಅಮ್ಮ, ಸೂಜಿ ಚುಚ್ಚುವ ನರ್ಸೂ ಅಮ್ಮ, ನಲ್ಲಿಯ ಲೆಕ್ಕ ನೋಡಲು ಬಂದ ಹೆಂಗಸೂ ಅಮ್ಮ. ಹೊರಗಿನಿಂದ ಬಂದವರು ಅದನ್ನು ಕೇಳಿ ಕರಗಿ ನೀರಾಗುತ್ತಾರೆ. ನಾವು ಕರಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ಉಸ್ತ್ಯಾ ಎಂಬ ಹುಡುಗಿ ಮಾತ್ರ ಯಾರನ್ನೂ ಹಾಗೆ ಕರೆಯುತ್ತಿರಲಿಲ್ಲ. ನಾನು ಅವಳಿಗೆ ರಿಮ್ಮತ್ತೆ, ನೆಲ ಒರೆಸುವ ದೂಸ್ಯಾ ಅವಳಿಗೆ ದೂಸ್ಯಜ್ಜಿ. ನದಿಯಾಚೆಯ ಹಳ್ಳಿಯಿಂದ ಬಂದಾಗ ಅವಳಿಗೆ ನಾಲ್ಕು ವರ್ಷವಿರಬೇಕು. ಹುಟ್ಟಿನಿಂದಲೇ ಒಂದು ಕಾಲು ಗಿಡ್ಡ, ಎಳೆದುಕೊಂಡು ನಡೆಯುತ್ತಿದ್ದಳು. ಮಗು ಬೇಕೆಂದು ಬರುತ್ತಿದ್ದ ನಮ್ಮವರೇ ಕೆಲವರು ಅವಳ ಮುಖ ನೋಡಿ ನಗುತ್ತಿದ್ದರು, ಆಮೇಲೆ ಕಾಲು ನೋಡಿ ಪಕ್ಕದ ಮಗುವಿನ ಹೆಸರು ಕೇಳುತ್ತಿದ್ದರು.

ಹೊರಟವರು ಊರು ಮುಟ್ಟುವವರೆಗೆ ನಮ್ಮಲ್ಲಿ ಕಸ ಗುಡಿಸುವುದಿಲ್ಲ, ನೆಲ ಒರೆಸುವುದಿಲ್ಲ. ಒರೆಸಿದರೆ ಅವರು ತಿರುಗಿ ಬರುವ ದಾರಿಯೇ ಅಳಿಸಿಹೋಗುತ್ತದೆ. ಹೆಣ ಎತ್ತಿದ ಮನೆಯಲ್ಲಿ ಮಾತ್ರ ಬೆನ್ನಹಿಂದೆಯೇ ಬಕೆಟ್ಟು ಹಿಡಿಯುತ್ತಾರೆ. ಉಸ್ತ್ಯಾಳ ತಾಯಿ ಪಟ್ಟಣಕ್ಕೆ ಕೆಲಸ ಹುಡುಕಿಕೊಂಡು ಹೊರಟ ದಿನ ಪಕ್ಕದ ಮನೆಯಾಕೆ ಬಂದು, ಪಾಪ ಮಗು ಗಲೀಜಿನಲ್ಲಿ ಇರಬಾರದು ಎಂದು, ಮನೆಯ ನೆಲವನ್ನೆಲ್ಲ ತಿಕ್ಕಿ ತೊಳೆದಳಂತೆ. ತಾಯಿ ಆಮೇಲೆ ಬರಲೇ ಇಲ್ಲ. ಇದನ್ನು ಉಸ್ತ್ಯಾ ನನಗೆ ಹೇಳಿದ್ದು ಅಳುತ್ತ ಅಲ್ಲ, ಕಳ್ಳನನ್ನು ಕಣ್ಣಾರೆ ಕಂಡವಳು ಪೊಲೀಸರಿಗೆ ಹೇಳುವ ಹಾಗೆ.

ಚರ್ಚಿನ ತಂಡದಲ್ಲಿ ಲೊರೆಟ್ಟಾ ಎಂಬ ಹೆಂಗಸು ಮೊದಲ ಸಲ ಬಂದಾಗ ನಾನು ಅವಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಐವತ್ತರ ಹತ್ತಿರದವಳು, ದಪ್ಪ ಕೈ, ತನ್ನೂರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳಂತೆ. ಉಳಿದವರು ಬೊಂಬೆ ಕುಣಿಸುತ್ತಿದ್ದರೆ ಇವಳು ಬಟ್ಟೆ ಹಾಕುವ ಕೋಣೆಯ ಬೆಂಚಿನ ಮೇಲೆ, ಉಸ್ತ್ಯಾಳಿಂದ ಒಂದು ಮಾರು ದೂರದಲ್ಲಿ, ಸುಮ್ಮನೆ ಕೂತಿರುತ್ತಿದ್ದಳು. ಮುಟ್ಟಲಿಲ್ಲ, ಮಿಠಾಯಿ ಚಾಚಲಿಲ್ಲ. ಹೊರಡುವ ಹಿಂದಿನ ದಿನ ಒಂದು ಕಾಗದವನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ನಿಲ್ಲು ಎಂದು ಸನ್ನೆ ಮಾಡಿ, ಪೆನ್ಸಿಲ್ಲಿನಿಂದ ಆ ಎರಡು ಪಾದಗಳ ಸುತ್ತ ಗೆರೆ ಎಳೆದುಕೊಂಡು, ಬೂಟು ತರುತ್ತೇನೆಂದು ಹೇಳಿ ಹೋದಳು. ಮುಂದಿನ ವರ್ಷ ಬರುವಾಗ ಒಂದು ಜೊತೆ ಬೂಟು ತಂದಳು, ಒಂದರ ಅಡಿ ದಪ್ಪ. ಮಗು ಬೆಳೆದಿರುತ್ತದೆ ಎಂದು ಅಳತೆಯಲ್ಲಿ ಸ್ವಲ್ಪ ಬಿಟ್ಟು ಹೊಲಿಸಿದ್ದಳು. ಅವತ್ತು ಉಸ್ತ್ಯಾ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನೆಟ್ಟಗೆ ನಡೆದಳು. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಮೂರನೆಯ ಸಲ ಬಂದಾಗ ಲೊರೆಟ್ಟಾ ಉಸ್ತ್ಯಾಳನ್ನು ಮಗಳಾಗಿ ಕರೆದುಕೊಂಡು ಹೋಗಲು ಎಲ್ಲ ಅರ್ಜಿ ಹಾಕಿಕೊಂಡೇ ಬಂದಿದ್ದಳು. ಅವಳ ಗಂಡನೂ ಒಪ್ಪಿದ್ದ. ಕೋರ್ಟು ಒಂದು ಬಾಕಿ, ಅದು ಫೆಬ್ರವರಿಯಲ್ಲಿ ಎಂದರು. ಅದನ್ನು ಮಗುವಿಗೆ ಈಗಲೇ ಹೇಳಬೇಕೆಂದು ಅವಳ ಆಸೆ. ನಾನು ಅಡ್ಡ ನಿಂತೆ. ಅನುವಾದ ಮಾಡಲು ಬರುತ್ತಿದ್ದ ಶಾಲೆಯ ಟೀಚರ್ ನೊನ್ನಾಳಿಗೆ, ನಾನು ಹೇಳಿದ್ದನ್ನು ಬೆಣ್ಣೆ ಸವರದೆ ಹಾಗೇ ಹೇಳು ಎಂದು ತಾಕೀತು ಮಾಡಿದೆ.

"ಮಗೂಗೆ ಆಸೆ ಹಚ್ಚಬೇಡಿ. ಇಲ್ಲಿ ಆಸೆ ಹಳಸಿದ್ರೆ ಎಸೆಯೋಕೆ ಜಾಗ ಇಲ್ಲ."

ನೊನ್ನಾಳ ಬಾಯಿಂದ ಲೊರೆಟ್ಟಾಳ ಉತ್ತರ ಬಂತು. "ಬೂಟು ತರ್ತೀನಿ ಅಂದಿದ್ದೆ, ತಂದುಕೊಟ್ಟೆ. ಬರ್ತೀನಿ ಅಂದ್ರೆ ಬರ್ತೀನಿ. ಅಷ್ಟು ಆ ಮಗೂಗೆ ಗೊತ್ತು."

ನಾನು ದಾರಿ ಬಿಟ್ಟೆ. ಉಸ್ತ್ಯಾಳನ್ನು ಕರೆದು, ಫೆಬ್ರವರಿಯಲ್ಲಿ ನದಿ ಇನ್ನೂ ಗಟ್ಟಿಯಾಗಿ ಹೆಪ್ಪುಗಟ್ಟಿರುವಾಗಲೇ ಬಂದು ಕರೆದೊಯ್ಯುತ್ತೇನೆಂದು ಲೊರೆಟ್ಟಾ ಹೇಳಿದಳು. ನೀನಿರುವ ಕಡೆಯೇ ನನ್ನ ಮನೆ ಎಂದೂ ಹೇಳಿದಳು. ಉಸ್ತ್ಯಾ ನಗಲಿಲ್ಲ, ಕುಣಿಯಲಿಲ್ಲ. ಅಲ್ಲಿ ನಾಯಿ ಇದೆಯಾ ಎಂದು ಕೇಳಿದಳು. ಇದೆ, ಮುದಿನಾಯಿ, ಒಂದು ಕಿವಿ ಇಲ್ಲ ಎಂದು ತಿಳಿದ ಮೇಲೆ, ಹಾಗಾದರೆ ಸರಿ ಎಂದಳು.

ತಂಡ ಹೊರಡುವ ದಿನ ಬಂತು. ಅವರ ಪಾದ್ರಿ ವೆಂಡೆಲ್ ಉದ್ದನೆಯ ಆಸಾಮಿ, ಮಾತು ಶುರು ಮಾಡುವ ಮೊದಲೇ ಕಣ್ಣು ತುಂಬಿಕೊಳ್ಳುವವನು. ಎಲ್ಲರನ್ನೂ ಕೈಕೈ ಹಿಡಿಸಿ ಸುತ್ತ ನಿಲ್ಲಿಸಿ ಪ್ರಾರ್ಥನೆ ಮಾಡಿಸಿದ. ಮೂಲೆಯಲ್ಲಿ ದೂಸ್ಯಜ್ಜಿ ಕೈಯೊರೆಸಿಕೊಂಡು ತನ್ನ ಪಾಡಿಗೆ ತಾನು ಶಿಲುಬೆ ಗುರುತು ಹಾಕಿಕೊಂಡಳು. ದೇವರ ಪಟವೇ ಇಲ್ಲದೆ ಇವರು ಯಾರ ಮುಖ ನೋಡಿ ಬೇಡಿಕೊಳ್ಳುತ್ತಾರೋ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಪ್ರಾರ್ಥನೆ ಮುಗಿದು ಅವರು ಹೊರಟು ನಿಂತಾಗ ಉಸ್ತ್ಯಾ ಬಾಗಿಲಿಗೆ ಅಡ್ಡ ಬಂದಳು. ನಮ್ಮಲ್ಲಿ ಪ್ರಯಾಣಕ್ಕೆ ಮೊದಲು ಎಲ್ಲರೂ ಒಂದು ಗಳಿಗೆ ಸುಮ್ಮನೆ ಕೂರಬೇಕಲ್ಲ, ಇವರು ಕೂತಿರಲಿಲ್ಲ. ಪಾದ್ರಿಯೂ ಸೇರಿ ಎಲ್ಲರೂ ಪೆಟ್ಟಿಗೆಗಳ ಮೇಲೆ, ಮಕ್ಕಳ ಗಿಡ್ಡ ಕುರ್ಚಿಗಳ ಮೇಲೆ ಕೂತರು. ಪಾದ್ರಿಯ ಮೊಣಕಾಲು ಗಲ್ಲಕ್ಕೆ ಬಂದಿತ್ತು. ಉಸ್ತ್ಯಾ ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿದಂತೆ ನೋಡಿ, ಆಯಿತು, ಇನ್ನು ಹೋಗಬಹುದು ಎಂದು ಅಪ್ಪಣೆ ಕೊಟ್ಟಳು.

ಅವರು ಬೂಟು ಮೆಟ್ಟಿಕೊಂಡು ಕೆಸರು ದಾಟಿ ಬಸ್ಸು ಹತ್ತಿದರು. ಬಸ್ಸು ಗುರುಗುಟ್ಟತೊಡಗಿತು. ಅಷ್ಟರಲ್ಲಿ ಲೊರೆಟ್ಟಾ ಇಳಿದು ಓಡಿ ಬಂದಳು. ಹೊಸ್ತಿಲ ಹೊರಗೆ ನಿಂತು, ಬೂಟಿನ ತುಂಬ ಕೆಸರು ಎಂದು ಒಳಗೆ ಕಾಲಿಡದೆ, ಎರಡೂ ತೋಳು ಚಾಚಿದಳು.

ನಮ್ಮಲ್ಲಿ ಹೊಸ್ತಿಲ ಮೇಲಿಂದ ಕೈಕುಲುಕುವುದೂ ಇಲ್ಲ, ಅಪ್ಪಿಕೊಳ್ಳುವುದೂ ಇಲ್ಲ. ಆಚೆಯೊಬ್ಬರು ಈಚೆಯೊಬ್ಬರು ನಿಂತು ಅಪ್ಪಿಕೊಂಡರೆ ಆಮೇಲೆ ಅಗಲಿಕೆಯೇ. ಅವಳಿಗೇನು ಗೊತ್ತು. ಉಸ್ತ್ಯಾ ಅವಳ ಕೋಟು ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಒಳಕ್ಕೆ ಎಳೆದಳು. ಲೊರೆಟ್ಟಾ ಮುಗ್ಗರಿಸಿ ಒಂದು ಕಾಲು ಒಳಗಿಟ್ಟಳು. ಆ ಒಂದು ಕಾಲು ಒಳಗೆ ಬಂದ ಮೇಲೆ ಉಸ್ತ್ಯಾ ಅವಳ ಕೊರಳಿಗೆ ಜೋತುಬಿದ್ದಳು. ಅಷ್ಟಕ್ಕೇ ಬಿಡಲಿಲ್ಲ, ಹೊರಟವರು ನಡುವೆ ತಿರುಗಿ ಬಂದರೆ ಕನ್ನಡಿ ನೋಡಿ ಹೋಗಬೇಕು ಎಂದು ಕೋಟು ನೇತುಹಾಕುವ ಗೂಟದ ಪಕ್ಕದ ಕನ್ನಡಿಯತ್ತ ಅವಳ ಮುಖ ತಿರುಗಿಸಿದಳು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಂತರ ಬಸ್ಸು ಹೋಯಿತು.

ನೆಲದ ಮೇಲೆ ಒಂದು ಹೆಜ್ಜೆ ಉಳಿದಿತ್ತು. ಕಂದುಬಣ್ಣ ಬಳಿದ ಹಲಗೆಯ ಮೇಲೆ ಜೇಡಿಮಣ್ಣಿನ ಒಂದು ದೊಡ್ಡ ಎಡಗಾಲು.

ಮಾರನೆಯ ದಿನ ಜಿಲ್ಲೆಯಿಂದ ತಪಾಸಣೆಯವರು ಬರುವವರಿದ್ದರು. ಅನಾಥಾಲಯದ ಮುಖ್ಯಸ್ಥೆ ಕಪಿತೋಲಿನಾ ಮಾರ್ಕೊವ್ನಾ ಮಕ್ಕಳನ್ನಾದರೂ ಮರೆತಾಳು, ತಪಾಸಣೆಯನ್ನು ಮರೆಯುವವಳಲ್ಲ. ದೂಸ್ಯಜ್ಜಿ ಬಕೆಟ್ಟು ತಂದಳು. ಉಸ್ತ್ಯಾ ಹೆಜ್ಜೆಯ ಮುಂದೆ ಕೈ ಅಗಲಿಸಿ ನಿಂತಳು. ಬೈದರೂ ಕದಲಲಿಲ್ಲ, ಊಟಕ್ಕೆ ಕರೆದರೂ ಕದಲಲಿಲ್ಲ. ದೂಸ್ಯಜ್ಜಿ ಬಕೆಟ್ಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಅವಳ ಗಂಡ ಮರ ಸಾಗಿಸುವ ದೋಣಿಯಲ್ಲಿ ಹೊರಟ ದಿನ ಅವಳೂ ನೆಲ ಒರೆಸದೆ ಕಾದವಳೇ. ಅವನು ಬಂದಿದ್ದ, ಕುಡುಕನಾಗಿ ಬಂದಿದ್ದ, ಆದರೂ ಬಂದಿದ್ದ.

"ಮಿಕ್ಕಿದ್ದೆಲ್ಲ ಒರೆಸ್ತೀನಿ, ಇದೊಂದು ಬಿಡ್ತೀನಿ. ಸರೀನಾ ಯಜಮಾನಿ?" ಎಂದು ಉಸ್ತ್ಯಾಳನ್ನು ಕೇಳಿದಳು. ಯಜಮಾನಿ ತಲೆಯಾಡಿಸಿದಳು.

ನಾನು ಹೆಜ್ಜೆಯ ಮೇಲೆ ಒಂದು ಸ್ಟೂಲು ಇಟ್ಟೆ, ಸ್ಟೂಲಿನ ಮೇಲೆ ಕಿಟಕಿಯಲ್ಲಿದ್ದ ಕೆಂಪು ಜೆರೇನಿಯಂ ಕುಂಡ. ತಪಾಸಣೆಯವರು ಬಂದು, ಬಾಗಿಲಲ್ಲೇ ಹೂವಿಟ್ಟು ಸ್ವಾಗತಿಸುವುದು ಬಹಳ ಒಳ್ಳೆಯ ಪದ್ಧತಿ ಎಂದು ಹೊಗಳಿದರು. ಅಂದಿನಿಂದ ಕಪಿತೋಲಿನಾ ಮಾರ್ಕೊವ್ನಾ ಕೂಡ ಆ ಸ್ಟೂಲನ್ನು ಸರಿಸಗೊಡಲಿಲ್ಲ.

ದೂಸ್ಯಜ್ಜಿ ಆ ಜಾಗಕ್ಕೆ ಅಮೆರಿಕ ಎಂದು ಹೆಸರಿಟ್ಟಳು. ಅಮೆರಿಕದ ಸುತ್ತ ಒರೆಸಿದೆ, ಅಮೆರಿಕದ ಮೇಲೆ ಯಾವನೋ ಹಿಮದ ಬೂಟು ಬಿಚ್ಚಿಟ್ಟಿದ್ದಾನೆ ಎಂದು ದಿನಾ ಗೊಣಗುವಳು. ಮಕ್ಕಳೆಲ್ಲ ಆ ಕಡೆ ಓಡುವಾಗ ಒಂದು ಸುತ್ತು ಬಳಸಿಕೊಂಡು ಓಡುತ್ತಿದ್ದವು. ಉಸ್ತ್ಯಾ ದಿನಾ ಬೆಳಿಗ್ಗೆ ಗಂಜಿಗೆ ಮೊದಲು ಬಂದು ಸ್ಟೂಲಿನ ಕಾಲುಗಳ ನಡುವೆ ಬಗ್ಗಿ ನೋಡುವಳು. ಹೆಜ್ಜೆ ಒಣಗಿ ಬಿಳಿಚಿಕೊಂಡಿತ್ತು, ಅಂಚು ಉದುರತೊಡಗಿತ್ತು. ಅದರ ಪಕ್ಕ ತನ್ನ ದಪ್ಪ ಅಡಿಯ ಬೂಟಿಟ್ಟು ಅಳೆಯುವಳು, ಆದರೆ ಅದರ ಮೇಲೆ ಎಂದೂ ಕಾಲಿಡಲಿಲ್ಲ.

ಲೊರೆಟ್ಟಾ ಊರು ಮುಟ್ಟಿದಳೆಂದು ಫೋನು ಬಂದಿತ್ತು. ಊರು ಮುಟ್ಟಿದ ಮೇಲೆ ಒರೆಸಬಹುದಲ್ಲ, ಶಾಸ್ತ್ರ ಅಷ್ಟೇ ತಾನೆ ಎಂದು ನಾನೊಮ್ಮೆ ಉಸ್ತ್ಯಾಳನ್ನು ಕೆಣಕಿದೆ. ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

"ಎಲ್ಲಿ ಮುಟ್ಟಿದಾಳೆ ರಿಮ್ಮತ್ತೆ? ನಾನಿರೋ ಕಡೇನೇ ಅವಳ ಮನೆ ಅಂದಳಲ್ಲ. ಇಲ್ಲಿಗೆ ಬಂದ್ರೆ ತಾನೆ ಮುಟ್ಟಿದ ಹಾಗೆ."

ಡಿಸೆಂಬರಿನಲ್ಲಿ ಅವಳು ತನ್ನ ಹಾಸಿಗೆಯ ಪಕ್ಕದ ಹುಡುಗಿಗೆ ತನ್ನ ಬಣ್ಣದ ಪೆನ್ಸಿಲ್ಲುಗಳನ್ನು ಕೊಟ್ಟುಬಿಟ್ಟಳು, ಅಲ್ಲಿ ಬೇರೆ ಸಿಗುತ್ತವೆ ಎಂದು. ಒಂದು ಕಿವಿಯಿಲ್ಲದ ನಾಯಿಗೆ ಕಿವಿ ಇರುವ ಕಡೆಯಿಂದಲೇ ಮಾತಾಡಬೇಕು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಅವಳು ನಗುವುದನ್ನು ಮೊದಲ ಸಲ ಕೇಳಿದಾಗ ಯಾವ ಮಗು ಎಂದು ನಾನು ತಿರುಗಿ ನೋಡಿದ್ದೆ.

ಹೊಸ ವರ್ಷದ ಮರಕ್ಕೆ ಕಾಗದದ ಸರ ಕಟ್ಟುತ್ತಿದ್ದ ದಿನಗಳಲ್ಲೇ ಅಡುಗೆಮನೆಯ ಟೀವಿಯಲ್ಲಿ ಸುದ್ದಿ ಬಂತು. ಇನ್ನು ಮೇಲೆ ಅಮೆರಿಕದವರು ನಮ್ಮ ಮಕ್ಕಳನ್ನು ದತ್ತು ಒಯ್ಯುವಂತಿಲ್ಲ, ಕಾನೂನಾಗಿದೆ. ಅವರು ನಮ್ಮವರ ಮೇಲೆ ಏನೋ ಮಾಡಿದರಂತೆ, ನಮ್ಮವರು ಅದಕ್ಕೆ ಇದನ್ನು ಮಾಡಿದರಂತೆ. ಕೋಣಗಳೆರಡು ಕಾದಾಡಿದರೆ ಸಾಯುವುದು ಗಿಡ. ಅಡುಗೆಯವಳು ಟೀವಿ ಆರಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲೇ ಎಂದು ದೂಸ್ಯಜ್ಜಿ ಅಲ್ಲೇ ಗೋಡೆಗೊರಗಿ ಕೂತಳು.

ನನಗೆ ಬಂದ ಸಿಟ್ಟು ಯಾರ ಮೇಲೆಂದು ಈಗಲೂ ಹೇಳಲಾರೆ. ಕಾನೂನು ಮಾಡಿದವರು ನನ್ನ ಕೈಗೆ ಸಿಗುವವರಲ್ಲ. ಲೊರೆಟ್ಟಾಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವಳ ತಪ್ಪೇನೂ ಇರಲಿಲ್ಲ. ಅವಳೂ ಒಬ್ಬ ಬಂದ ಪುಟ್ಟ ಹೋದ ಪುಟ್ಟ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮಾತ್ರ ಅನ್ನಿಸಿತು. ಒಂದು ವಾರ ಚಾದರ ಒಗೆದು ಮುಗಿಸುತ್ತಿದ್ದೆ. ಹಬ್ಬ ಕಳೆಯಲಿ, ಆಮೇಲೆ ಹೇಳೋಣ ಎಂದು ಎಲ್ಲರೂ ಸುಮ್ಮನಾದೆವು. ಹಬ್ಬ ಕಳೆಯಿತು. ಯಾರಿಗೂ ಬಾಯಿ ಬರಲಿಲ್ಲ. ಉಸ್ತ್ಯಾ ನದಿ ಎಷ್ಟು ಗಟ್ಟಿಯಾಗಿದೆ ಎಂದು ಹಾಲು ತರುವವನನ್ನು ದಿನಾ ಕೇಳುತ್ತಿದ್ದಳು.

ಜನವರಿಯಲ್ಲಿ, ಉಸಿರೂ ಹೆಪ್ಪುಗಟ್ಟುವಂಥ ಚಳಿಯ ದಿನ, ಲೊರೆಟ್ಟಾಳ ಫೋನು ಬಂತು. ತಾನೇ ಮಗುವಿಗೆ ಹೇಳುತ್ತೇನೆ, ಬೇರೆಯವರ ಬಾಯಿಂದ ಅವಳು ಕೇಳಬಾರದು ಎಂದಿದ್ದಳಂತೆ. ಕಪಿತೋಲಿನಾ ಮಾರ್ಕೊವ್ನಾ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟು ಹೊರಗೆ ಹೋಗಿ ನಿಂತಳು. ಅಷ್ಟು ಮಟ್ಟಿಗೆ ಅವಳೂ ಮನುಷ್ಯಳೇ. ಫೋನಿನ ಧ್ವನಿ ಎಲ್ಲರಿಗೂ ಕೇಳುವಂತೆ ಮಾಡಿ ನೊನ್ನಾ ಮೇಜಿನ ಪಕ್ಕ ಕೂತಳು. ಉಸ್ತ್ಯಾಳನ್ನು ಕುರ್ಚಿಯ ಮೇಲೆ ಕೂರಿಸಿ ನಾನು ಹಿಂದೆ ನಿಂತೆ.

ಆ ಕಡೆಯಿಂದ ಉಸ್ತ್ಯಾ ಎಂದು ಹೆಸರು ಕೇಳಿಸಿತು. ಇನ್ನೊಂದು ಸಲ ಕೇಳಿಸಿತು. ಆಮೇಲೆ ಮಾತೇ ಇಲ್ಲ, ಬರೀ ಅಳು. ದೊಡ್ಡ ಮೈಯ ಹೆಂಗಸಿನ, ತಡೆದು ತಡೆದು ಬರುವ ಅಳು. ನೊನ್ನಾ ಪೆನ್ನು ಹಿಡಿದುಕೊಂಡು ಕಾದಳು, ನನ್ನ ಮುಖ ನೋಡಿದಳು. "ನಾನೇನು ಹೇಳ್ಲಿ ರಿಮ್ಮಾ, ಅವಳು ಏನೂ ಅಂತಾ ಇಲ್ಲ" ಎಂದು ಅವಳೂ ಅಳತೊಡಗಿದಳು.

ಉಸ್ತ್ಯಾ ಫೋನಿನ ಹತ್ತಿರಕ್ಕೆ ಬಗ್ಗಿದಳು. ಬಿದ್ದ ಮಗುವನ್ನು ಎತ್ತಿಕೊಂಡವರು ಮಾತಾಡುತ್ತಾರಲ್ಲ, ಹಾಗೆ ಮೆಲ್ಲಗೆ ಹೇಳಿದಳು.

"ಅಮ್ಮಾ, ಅಳಬೇಡ."

ಅದನ್ನು ನೊನ್ನಾ ಅನುವಾದಿಸಲಿಲ್ಲ. ಆ ಕಡೆಯ ಅಳು ಒಮ್ಮೆಗೇ ನಿಂತಿತು, ಆಮೇಲೆ ಜೋರಾಯಿತು, ಸ್ವಲ್ಪ ಹೊತ್ತಿಗೆ ಲೈನು ಕಡಿದುಹೋಯಿತು.

ನಾನು ಅವಳನ್ನು ಬಟ್ಟೆ ಹಾಕುವ ಕೋಣೆಗೆ ಕರೆದುಕೊಂಡು ಹೋಗಿ ಅದೇ ಬೆಂಚಿನ ಮೇಲೆ ಕೂರಿಸಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ದೊಡ್ಡವರು ದಾರಿ ಮುಚ್ಚಿದ್ದಾರೆ, ಆ ದೇಶದವರು ಇಲ್ಲಿಂದ ಮಕ್ಕಳನ್ನು ಕರೆದೊಯ್ಯಬಾರದು ಎಂದಿದ್ದಾರೆ ಎಂದು ಹೇಳಿದೆ. ಅವಳು ಬಹಳ ಹೊತ್ತು ಬೂಟಿನ ದಾರವನ್ನು ಬಿಚ್ಚಿ ಕಟ್ಟಿದಳು.

"ಅವಳು ಬೇಡ ಅಂದಳಾ?"

"ಇಲ್ಲ ಕಂದಾ. ಬರ್ತೀನಿ ಅಂತಲೇ ಕೂತಿದಾಳೆ. ಇವರು ಬಿಡ್ತಾ ಇಲ್ಲ."

"ಯಾವತ್ತೂ ಬಿಡಲ್ವಾ?"

ಸುಳ್ಳು ಹೇಳಬಹುದಿತ್ತು. ಎಷ್ಟೋ ಮಕ್ಕಳಿಗೆ ಎಷ್ಟೋ ಸುಳ್ಳು ಹೇಳಿದ್ದೇನೆ, ಸೂಜಿ ನೋಯುವುದಿಲ್ಲ ಎಂಬುದರಿಂದ ಹಿಡಿದು. ಅವತ್ತು ಬಾಯಿ ಬರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಅವಳು ಅಳಲಿಲ್ಲ. ಗಂಜಿ ಕೊಟ್ಟರೆ ತಿಂದಳು, ಮಲಗು ಎಂದರೆ ಮಲಗಿದಳು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಎರಡು ಮೂರು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ದೂಸ್ಯಜ್ಜಿ ನನ್ನನ್ನು ಹುಡುಕಿಕೊಂಡು ಬಂದಳು. ಬೇಗ ಬಾ ಎಂದಳು. ಹೋಗಿ ನೋಡಿದರೆ ಜೆರೇನಿಯಂ ಕುಂಡ ಕಿಟಕಿಗೆ ವಾಪಸು ಹೋಗಿತ್ತು. ಸ್ಟೂಲು ಗೋಡೆಯ ಪಕ್ಕದಲ್ಲಿತ್ತು. ಉಸ್ತ್ಯಾ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ಬಕೆಟ್ಟಿನ ಮುಂದೆ ಮೊಣಕಾಲೂರಿ, ನೆಲ ಒರೆಸುವ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. ಅವಳ ಮುಂದೆ ಆ ಹೆಜ್ಜೆ. ಅದರಲ್ಲಿ ಹಿಮ್ಮಡಿ ಮತ್ತು ಅರ್ಧ ಪಾದ ಅಷ್ಟೇ ಉಳಿದಿತ್ತು.

ಬೇಡ ಕಂದಾ, ಇರಲಿ ಬಿಡು ಎಂದೆ. ಕಾನೂನು ಅಂದಮೇಲೆ ಬದಲಾಗಲೂಬಹುದು, ಯಾರಿಗೆ ಗೊತ್ತು ಎಂದೆ. ಅವಳನ್ನು ಕಾಯಿಸುವುದು ಬೇಡ ಎಂದು ಮೊದಲು ಜಗಳವಾಡಿದವಳು ನಾನೇ, ಈಗ ಇನ್ನೂ ಸ್ವಲ್ಪ ಕಾಯಿ ಎಂದು ಬೇಡಿಕೊಳ್ಳುತ್ತಿದ್ದವಳೂ ನಾನೇ.

ಅವಳು ತಲೆಯೆತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿಯದವರಿಗೆ ತಿಳಿಸಿಹೇಳುವ ತಾಳ್ಮೆ ಇತ್ತು.

"ಹೆಜ್ಜೆ ಇಲ್ಲಿದ್ರೆ ಅವಳನ್ನ ಎಳೀತಾನೇ ಇರತ್ತೆ ರಿಮ್ಮತ್ತೆ. ಬಾಗಿಲು ಹಾಕ್ಬಿಟ್ಟಿದಾರೆ. ಅವಳು ಬಂದು ಬಂದು ಹೊರಗಡೆ ನಿಂತ್ಕೊಂಡು ಅಳ್ತಾಳೆ. ಚಳಿ ಬೇರೆ."

ಅಷ್ಟು ಹೇಳಿ ಒರೆಸಿದಳು. ಮೊದಲು ಹಿಮ್ಮಡಿ, ಆಮೇಲೆ ಉಳಿದದ್ದು. ಜೇಡಿಮಣ್ಣು ನೀರಿಗೆ ಮೆತ್ತಗಾಗಿ ಹರಡಿತು. ಎರಡನೆಯ ಸಲ ಬಟ್ಟೆ ಹಿಂಡಿ ಒರೆಸಿದಾಗ ಹಲಗೆಯ ಕಂದುಬಣ್ಣ ಮಾತ್ರ ಕಾಣಿಸಿತು. ದೂಸ್ಯಜ್ಜಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾವಿಬ್ಬರೂ ಹೆಣ ಎತ್ತಿದ ಮನೆಗಳ ನೆಲ ಒರೆಸಿದವರು, ಆ ಹೊತ್ತಿನಲ್ಲಿ ಇಬ್ಬರಿಗೂ ನೆನಪಾದದ್ದು ಅದೇ. ಹಿಂದಿರುಗಿ ಬರಬೇಡ, ನಿನ್ನ ದಾರಿ ನಿನಗೆ ಹಗುರಾಗಲಿ ಎಂದು ಸತ್ತವರಿಗೆ ಮಾಡುವುದನ್ನು ಆ ಮಗು ಬದುಕಿರುವ ಒಬ್ಬಳಿಗೆ, ತಾನು ಅಮ್ಮ ಎಂದು ಕರೆದ ಒಬ್ಬಳೇ ಒಬ್ಬಳಿಗೆ ಮಾಡುತ್ತಿತ್ತು.

ಒರೆಸಿ ಮುಗಿದ ಮೇಲೆ ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಇನ್ನು ಅವಳಿಗೆ ನಿದ್ದೆ ಬರತ್ತಲ್ಲಾ?"

"ಬರತ್ತೆ," ಎಂದೆ.

ಅವಳು ಎದ್ದು ಗಂಜಿಗೆ ಹೋದಳು. ಆ ಬೂಟು ಈಗ ಬಿಗಿಯಾಗತೊಡಗಿತ್ತು, ಮತ್ತೆ ಸ್ವಲ್ಪ ಕಾಲೆಳೆಯುತ್ತಿದ್ದಳು. ಬಕೆಟ್ಟಿನ ನೀರು ಚೆಲ್ಲಿಬರುತ್ತೇನೆಂದು ಹೊರಗೆ ಹೋದ ದೂಸ್ಯಜ್ಜಿ ಬಹಳ ಹೊತ್ತು ಒಳಗೆ ಬರಲಿಲ್ಲ.